ಹರಿಕೇನ್ ಚಂಡಮಾರುತ ದಡ ದಾಟಿದರೆ ಅಪಾಯ ಮುಗೀತಾ?

"ಹರಿಕೇನ್ ಬಲ ಕಳಕೊಂಡಿದೆ, ಒಳನಾಡಿನವರಿಗೆ ಇನ್ನು ಭಯವಿಲ್ಲ." ಅಮೆರಿಕದಲ್ಲಿ ಮಕ್ಕಳಿರುವ ನಮ್ಮ ಮನೆಗಳ ಗ್ರೂಪಿಗೂ ಈ ಮೆಸೇಜ್ ಆಗಾಗ ಬರುತ್ತದೆ. ಕಳಿಸುವವರದು ಧೈರ್ಯ ಹೇಳುವ ಮನಸ್ಸು. ಆದರೆ ಮಾತು ಅರ್ಧ ಮಾತ್ರ ನಿಜ.

ಕೆಳಗೆ ಬೆಚ್ಚನೆ ಸಮುದ್ರ ಇಲ್ಲದಿದ್ದರೆ ಗಾಳಿ ಕುಗ್ಗುತ್ತದೆ, ಸರಿ. ಹರಿಕೇನ್‌ಗೆ ಕೊಡುವ 1ರಿಂದ 5ರ ತನಕದ ಕೆಟಗರಿ ಅಳೆಯುವುದೂ ಬರೀ ಗಾಳಿಯನ್ನೇ. ಆದರೆ ಅದು ಹೊತ್ತು ತಂದ ನೀರು ಎಲ್ಲಾದರೂ ಸುರಿಯಲೇಬೇಕಲ್ವಾ? 1969ರ ಆಗಸ್ಟ್‌ನಲ್ಲಿ ಕಮಿಲ್ ಎಂಬ ಹರಿಕೇನ್ ಅಮೆರಿಕದ ಮಿಸಿಸಿಪ್ಪಿ ತೀರಕ್ಕೆ ಅಪ್ಪಳಿಸಿತು. ಎರಡು ದಿನ ಕಳೆದು, ಸೊರಗಿ, ವರ್ಜೀನಿಯಾದ ಬೆಟ್ಟಸೀಮೆ ತಲುಪಿತು. ಅಲ್ಲಿನ ನೆಲ್ಸನ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಒಂದೇ ರಾತ್ರಿ ಸುಮಾರು 27 ಇಂಚು ಮಳೆ! ಮಲಗಿದ್ದವರ ಮೇಲೆ ಗುಡ್ಡ ಜಾರಿತು. ಆ ಒಂದು ಕೌಂಟಿಯಲ್ಲೇ 100ಕ್ಕೂ ಜಾಸ್ತಿ ಜನ ಸತ್ತರು.

ಮೆಸೇಜ್ ಬಂದಾಗ ಮೊದಲು ತಾರೀಖು ಇದೆಯಾ ನೋಡಿ. ಹಳೇ ಮ್ಯಾಪುಗಳೂ ಸುಮ್ನೆ ಸುತ್ತುತ್ತಿರುತ್ತವೆ. ಆಮೇಲೆ ಅಮೆರಿಕದ ಸರ್ಕಾರಿ ಹವಾಮಾನ ವೆಬ್‌ಸೈಟಿನಲ್ಲಿ ಮಕ್ಕಳ ಊರಿನ ಜಿಪ್ ಕೋಡ್ (ಅಲ್ಲಿನ ಪಿನ್ ಕೋಡ್) ಹಾಕಿ. ಕೆಟಗರಿ ಬಿಡಿ, ಪ್ರವಾಹದ ಎಚ್ಚರಿಕೆ ಇದೆಯಾ ಅಂತ ಹುಡುಕಿ. ಹರಿಕೇನ್ ಮ್ಯಾಪಿನಲ್ಲಿ ಕಾಣುವ, ಮುಂದೆ ಹೋದಂತೆ ಅಗಲವಾಗುವ ಬಿಳಿ ಕೋನ್ ಬಿರುಗಾಳಿಯ ನಡುಭಾಗ ಸಾಗಬಹುದಾದ ದಾರಿ ಅಷ್ಟೇ. ಮಳೆ ಅದರಾಚೆಗೂ ಸುರಿಯುತ್ತದೆ.