ಇಪ್ಪತ್ತೆಂಟು ದಿನಕ್ಕೆ ಮುನ್ನೂರು

ಪೀಣ್ಯದ ಒಂದು ಸಣ್ಣ ಕಾರ್ಖಾನೆ ನಮ್ಮದು. ಆರು ಸಿಎನ್‌ಸಿ ಯಂತ್ರ, ಎರಡು ಹಳೆಯ ಲೇತ್, ಇಪ್ಪತ್ತಮೂರು ಕೆಲಸಗಾರರು, ಒಬ್ಬ ಮಾಲೀಕರು, ಇವರೆಲ್ಲರ ಲೆಕ್ಕ ಬರೆಯಲು ನಾನು. ತಿಂಗಳ ಕೊನೆಗೆ ಸಂಬಳದ ಪಟ್ಟಿ ತೆರೆದು ಕುಳಿತರೆ ಪಿಎಫ್ ತಲೆ ತಿನ್ನುತ್ತದೆ, ಇಎಸ್‌ಐ ಎಂಬ ಕಾರ್ಮಿಕರ ವಿಮೆ ತಲೆ ತಿನ್ನುತ್ತದೆ, ಮುಂಗಡ ಪಡೆದು ಮರೆತವರು ತಲೆ ತಿನ್ನುತ್ತಾರೆ. ನನ್ನ ಪಾಡಿಗೆ ನನ್ನನ್ನು ಬಿಟ್ಟಿದ್ದ ಅಂಕಣ ಒಂದೇ: ಸಂಬಳದಿಂದ ತಿಂಗಳು ತಿಂಗಳು ಹಿಡಿದು ರಾಜ್ಯ ಸರ್ಕಾರಕ್ಕೆ ಕಟ್ಟುವ ವೃತ್ತಿ ತೆರಿಗೆ. ತೆರಿಗೆ ಬೀಳುವವರ ಹೆಸರಿನ ಮುಂದೆ 200, ಅದರ ಕೆಳಗೆ 200, ಮತ್ತೆ 200. ಮೊದಲ ಅಂಕಿ ಬರೆದು ಕೆಳಗೆ ಎಳೆದರೆ ಕೆಲಸ ಮುಗಿಯಿತು.

2026ರ ಫೆಬ್ರವರಿಯಲ್ಲಿ ಆ ಸಾಧು ಅಂಕಣಕ್ಕೂ ಕೊಂಬು ಮೂಡಿತು. ಆ ಒಂದು ತಿಂಗಳು 200 ಅಲ್ಲ, 300. ಮಾರ್ಚ್‌ಗೆ ಮತ್ತೆ 200. ಮುಂದಿನ ಫೆಬ್ರವರಿಗೆ ಮತ್ತೆ 300. ಇದಕ್ಕಾಗಿ ಹಿಂದಿನ ವರ್ಷವೇ ವಿಧಾನಮಂಡಲದಲ್ಲಿ ಕಾನೂನು ತಿದ್ದಲಾಗಿತ್ತು. ಮೂಲ ಕಾನೂನು 1976ರದು. ‘ಕರ್ನಾಟಕ ವೃತ್ತಿಗಳ, ಕಸುಬುಗಳ, ಆಜೀವಿಕೆಗಳ ಮತ್ತು ಉದ್ಯೋಗಗಳ ಮೇಲಣ ತೆರಿಗೆ ಅಧಿನಿಯಮ’ ಎಂದು ಅದರ ಹೆಸರು. ಮನುಷ್ಯ ಹೊಟ್ಟೆಪಾಡಿಗೆ ಏನೇನು ಮಾಡಬಹುದೋ ಅದೆಲ್ಲವೂ ಹೆಸರಿನಲ್ಲೇ ಬಂದುಬಿಟ್ಟಿದೆ. ತಪ್ಪಿಸಿಕೊಳ್ಳಬೇಕಾದರೆ ಸುಮ್ಮನೆ ಕೂರುವುದೊಂದೇ ದಾರಿ.

ಮುಖ್ಯಮಂತ್ರಿಗಳು 2025ರ ಮಾರ್ಚ್ 7ರಂದು ಮಂಡಿಸಿದ್ದು 4,09,549 ಕೋಟಿ ರೂಪಾಯಿಯ ಬಜೆಟ್. ಕೋಟಿಯ ಮುಂದೆ ಲಕ್ಷಗಳು ಸಾಲುಗಟ್ಟಿದ ಅಂಥ ಗ್ರಂಥದ ಒಂದು ಮೂಲೆಯಲ್ಲಿ ಕುಳಿತು, ‘ಫೆಬ್ರವರಿ ತಿಂಗಳಿಗೆ ಮಾತ್ರ ನೂರು ರೂಪಾಯಿ ಜಾಸ್ತಿ’ ಎಂದು ಬರೆದ ಪುಣ್ಯಾತ್ಮನನ್ನು ಒಮ್ಮೆ ನೋಡಬೇಕೆಂಬ ಆಸೆ ನನಗಿದೆ. ಮದುವೆ ಮನೆಯ ಊಟ ಮುಗಿದ ಮೇಲೆ ಉಳಿದ ನಿಂಬೆಹಣ್ಣುಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಳ್ಳುವ ಸೋದರಮಾವ ಪ್ರತಿ ಮನೆತನದಲ್ಲೂ ಒಬ್ಬರಿರುತ್ತಾರೆ. ಹಣಕಾಸು ಇಲಾಖೆಯಲ್ಲೂ ಇದ್ದಾರೆಂದು ತಿಳಿದು ಒಂದು ಬಗೆಯ ನೆಮ್ಮದಿಯಾಯಿತು.

ಆ ಸೋದರಮಾವನ ಕಷ್ಟವನ್ನೂ ಹೇಳಬೇಕು. ಈ ತೆರಿಗೆಗೆ ಸಂವಿಧಾನವೇ ಮೂಗುದಾರ ಹಾಕಿದೆ. 276ನೇ ವಿಧಿಯ ಪ್ರಕಾರ ಒಬ್ಬ ವ್ಯಕ್ತಿಯಿಂದ ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಮೊದಲಿಗೆ ಆ ಮಿತಿ 250 ರೂಪಾಯಿ. 1988ರಲ್ಲಿ ಅರವತ್ತನೇ ತಿದ್ದುಪಡಿ ತಂದು ಅದನ್ನು 2,500 ಮಾಡಿದರು. ಆ ಕಾಲಕ್ಕೆ ಅದು ದುಡ್ಡು. ನಮ್ಮ ತಂದೆ ಪ್ರಾಥಮಿಕ ಶಾಲೆಯ ಮೇಷ್ಟರು, ಅವರ ತಿಂಗಳ ಸಂಬಳ ಅಷ್ಟಿರಲಿಲ್ಲ. ಆಮೇಲೆ ದೋಸೆಯ ಬೆಲೆ ಏರಿತು, ಚಿನ್ನ ಕೈಗೆ ಸಿಗದಷ್ಟು ಎತ್ತರಕ್ಕೆ ಹೋಯಿತು, ಪೀಣ್ಯದ ಮೇಲೆ ಮೆಟ್ರೊ ಓಡಿತು. 2,500 ಮಾತ್ರ ಬಸ್ ನಿಲ್ದಾಣದಲ್ಲಿ ಮರೆತುಹೋದ ಪೆಟ್ಟಿಗೆಯ ಹಾಗೆ ಇದ್ದಲ್ಲೇ ಇದೆ.

ಅದೇ ವಿಧಿಯ ಮೊದಲ ಸಾಲು ಇನ್ನೂ ಸೊಗಸು. ವೃತ್ತಿ ತೆರಿಗೆಯ ಕಾನೂನು ‘ಆದಾಯದ ಮೇಲಿನ ತೆರಿಗೆಗೆ ಸಂಬಂಧಿಸಿದ್ದು’ ಎಂಬ ಕಾರಣಕ್ಕೆ ಅಸಿಂಧುವಾಗುವುದಿಲ್ಲ ಎನ್ನುತ್ತದೆ. ಆದಾಯ ನೋಡಿಯೇ ಹಿಡಿಯುತ್ತಾರೆ, ಆದರೆ ಆದಾಯ ತೆರಿಗೆ ಎಂದು ಕರೆಯಕೂಡದು. ನಮ್ಮೂರಿನ ಭಾಗವತರು ಉಪವಾಸದ ದಿನ ಅನ್ನ ಮುಟ್ಟುತ್ತಿರಲಿಲ್ಲ, ಆರು ಬಟ್ಟಲು ಉಪ್ಪಿಟ್ಟು ತಿನ್ನುತ್ತಿದ್ದರು.

ಈಗ 2,500ನ್ನು ಹನ್ನೆರಡರಿಂದ ಭಾಗಿಸಿ ನೋಡಿ. 208 ರೂಪಾಯಿ 33 ಪೈಸೆ, ಅದರ ಹಿಂದೆ ಮೂರುಗಳ ಮೆರವಣಿಗೆ. ದೇಶದ ರಾಜ್ಯಗಳೆಲ್ಲ ಈ ಮೆರವಣಿಗೆಯನ್ನು ತಮ್ಮ ತಮ್ಮ ಸಂಸ್ಕಾರಕ್ಕೆ ತಕ್ಕಂತೆ ಎದುರಿಸಿವೆ. ಮೇಲಿನ ಹಂತದ ಸಂಬಳದವರಿಂದ ಮಧ್ಯಪ್ರದೇಶ ಹನ್ನೊಂದು ತಿಂಗಳು 208, ಹನ್ನೆರಡನೆಯ ತಿಂಗಳು 212 ಪಡೆಯುತ್ತದೆ. ಜವಳಿ ಅಂಗಡಿಯ ಹಳೆಯ ಗುಮಾಸ್ತನೇ ಬಂದು ಲೆಕ್ಕ ಹಾಕಿದಂತಿದೆ. ತಮಿಳುನಾಡು, ಕೇರಳದವರು ತಿಂಗಳ ತಂಟೆಯೇ ಬೇಡವೆಂದು ಆರು ತಿಂಗಳಿಗೊಮ್ಮೆ, ಹೆಚ್ಚೆಂದರೆ 1,250 ಎಂದು ಮುಗಿಸಿದರು. ಮಹಾರಾಷ್ಟ್ರ ಹನ್ನೊಂದು ತಿಂಗಳು 200 ಪಡೆದು ಫೆಬ್ರವರಿಗೆ 300 ಎಂದಿತು. ದೆಹಲಿ, ಉತ್ತರ ಪ್ರದೇಶ, ಹರಿಯಾಣಗಳಲ್ಲಿ ಈ ತೆರಿಗೆಯೇ ಇಲ್ಲ, ಅಲ್ಲಿಯ ಲೆಕ್ಕಿಗರು ರಾತ್ರಿ ನಿದ್ದೆ ಮಾಡುತ್ತಿರಬೇಕು. ನಾವು ಮಾತ್ರ ಇನ್ನೂರರಂತೆ 2,400 ಪಡೆದು ಸುಮ್ಮನಿದ್ದೆವು. ವರ್ಷಕ್ಕೆ ತಲೆಗೆ ನೂರು ರೂಪಾಯಿ, ಅಟ್ಟದ ಮೇಲೆ ಮರೆತ ಉಪ್ಪಿನಕಾಯಿ ಜಾಡಿಯಂತೆ, ಹಾಗೆಯೇ ಉಳಿದಿತ್ತು. ಯಾರೋ ಏಣಿ ಹಾಕಿ ಹತ್ತಿ ನೋಡಿದರು. ಕೈಗೆ ಸಿಕ್ಕ ಉಪಾಯವೂ ಪಕ್ಕದ ಮನೆಯದೇ. ನೀರು, ಗಡಿ, ಭಾಷೆ ಯಾವುದರಲ್ಲೂ ಮಹಾರಾಷ್ಟ್ರದ ಮಾತು ಕೇಳದ ನಾವು ಇದೊಂದನ್ನು ಮರುಮಾತಿಲ್ಲದೆ ಒಪ್ಪಿದ್ದೇವೆ.

ಫೆಬ್ರವರಿಯೇ ಏಕೆ? ನನಗೆ ತೋಚುವುದು ಇಷ್ಟು. ಒಂದು ತಿಂಗಳ ವೃತ್ತಿ ತೆರಿಗೆಯನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಮಾರ್ಚ್‌ನದು ಏಪ್ರಿಲ್‌ಗೆ ಬಂದು ಮುಂದಿನ ವರ್ಷದ ಪಾಲಾಗುತ್ತದೆ. ಫೆಬ್ರವರಿಯದಾದರೆ ಮಾರ್ಚ್ 20ಕ್ಕೆ, ಖಜಾನೆಯ ಬಾಗಿಲು ಮುಚ್ಚುವ ಮುನ್ನ, ಒಳಗೆ ಬಂದು ಕೂರುತ್ತದೆ. ಬುದ್ಧಿವಂತಿಕೆಯೇನೋ ಸರಿ. ಆದರೆ ಸಂಬಳದವನಿಗೆ ಫೆಬ್ರವರಿ ಎಂದರೆ ಏನೆಂದು ಆ ಬುದ್ಧಿವಂತರು ತಮ್ಮದೇ ಸಂಬಳದ ಚೀಟಿ ತೆಗೆದು ನೋಡಬಹುದಿತ್ತು. ಹೂಡಿಕೆಯ ರಸೀದಿ ಕೊಡದವರಿಗೆ ಇಡೀ ವರ್ಷದ ಆದಾಯ ತೆರಿಗೆ ಗುಡುಗಿನಂತೆ ಎರಗುವ ಕಾಲ ಅದು. ದಿನದ ಲೆಕ್ಕವೂ ಮಾಡಿದೆ. ಜನವರಿಯಲ್ಲಿ ಕನ್ನಡಿಗ ವೃತ್ತಿಯಲ್ಲಿರುವುದಕ್ಕೆ ದಿನಕ್ಕೆ ಕೊಡುವುದು 6 ರೂಪಾಯಿ 45 ಪೈಸೆ. ಫೆಬ್ರವರಿಯಲ್ಲಿ 10 ರೂಪಾಯಿ 71 ಪೈಸೆ. 2028 ಅಧಿಕ ವರ್ಷವಾದ್ದರಿಂದ ಆಗ ದಿನಕ್ಕೆ 37 ಪೈಸೆ ರಿಯಾಯಿತಿ ಸಿಗಲಿದೆ. ಸರ್ಕಾರ ಇದನ್ನು ಈಗಲೇ ಘೋಷಿಸಿದರೆ ಚುನಾವಣೆಗೆ ಅನುಕೂಲ.

ಅಂದಹಾಗೆ, ಫೆಬ್ರವರಿಗೂ ಸರ್ಕಾರಕ್ಕೂ ಹಳೆಯ ಋಣವೊಂದಿದೆ. 2025ರ ಫೆಬ್ರವರಿ, ಮಾರ್ಚ್ ತಿಂಗಳ ಗೃಹಲಕ್ಷ್ಮಿ ಕಂತು ಎಲ್ಲಿ ಹೋಯಿತೆಂದು ಬೆಳಗಾವಿ ಅಧಿವೇಶನದಲ್ಲಿ ದೊಡ್ಡ ಗದ್ದಲವೇ ಆಯಿತು. ಮನೆಯೊಡತಿಗೆ ಕೊಡಬೇಕಾದ ಎರಡು ಸಾವಿರದ ವಿಷಯ ಬಂದಾಗ ಫೆಬ್ರವರಿ ಕ್ಯಾಲೆಂಡರಿನಿಂದಲೇ ಜಾರಿಹೋಗಬಲ್ಲದು. ಯಜಮಾನನಿಂದ ನೂರು ಹಿಡಿಯುವಾಗ ಮಾತ್ರ ಒಂದು ದಿನವೂ ತಪ್ಪುವುದಿಲ್ಲ.

ಇದೆಲ್ಲ ಇರಲಿ, ಈ ತೆರಿಗೆಯ ನಿಜವಾದ ಮಹಿಮೆ ಅದರ ಸಮಾನತೆಯಲ್ಲಿದೆ. ತಿಂಗಳಿಗೆ 25,000 ಪಡೆಯುವವನಿಗೂ ಅಷ್ಟೇ, ಇಪ್ಪತ್ತೈದು ಲಕ್ಷ ಪಡೆಯುವ ಕಂಪನಿ ಮುಖ್ಯಸ್ಥನಿಗೂ ಅಷ್ಟೇ. ಸಾವಿರಾರು ಕೋಟಿ ವಹಿವಾಟಿನ ಕಂಪನಿ ತನ್ನ ಹೆಸರಿನಲ್ಲಿ ವರ್ಷಕ್ಕೆ ಕಟ್ಟುವುದೂ 2,500. ನಮ್ಮ ಕಾರ್ಖಾನೆಯದೂ ಪ್ರೈವೇಟ್ ಲಿಮಿಟೆಡ್ ಕಂಪನಿ, ನಾವು ಕಟ್ಟುವುದೂ ಅಷ್ಟೇ. ಈ ಸಮಾನತೆಯ ಸೇವೆಗೆ ನಾನು ಒಂದೇ ಕಂಪನಿಗೆ ಎರಡು ನೋಂದಣಿ ಸಂಖ್ಯೆಗಳನ್ನು ಇಟ್ಟುಕೊಂಡಿದ್ದೇನೆ. ಕೆಲಸಗಾರರಿಂದ ಹಿಡಿದು ಕಟ್ಟುವುದಕ್ಕೆ ಒಂದು, ಕಂಪನಿ ತನ್ನ ಪಾಲು ಕಟ್ಟುವುದಕ್ಕೆ ಇನ್ನೊಂದು. ಅದಲುಬದಲಾಗಿ ಕಟ್ಟಿದ ಲೆಕ್ಕಿಗನ ಪಾಡು ಶತ್ರುವಿಗೂ ಬೇಡ.

ಆ 25,000ದ ಹೊಸಿಲನ್ನೂ ನೋಡಬೇಕು. ಮೊದಲು ಅದು 15,000 ಇತ್ತು, 2023ರ ಏಪ್ರಿಲ್‌ನಿಂದ 25,000 ಆಯಿತು. ಒಳ್ಳೆಯ ಕೆಲಸ, ಇಲ್ಲವೆನ್ನುವುದಿಲ್ಲ. ಆದರೆ 24,999 ಪಡೆಯುವವನಿಗೆ ತೆರಿಗೆ ಸೊನ್ನೆ. ಅವನಿಗೆ ಮಾಲೀಕರು ಪ್ರೀತಿಯಿಂದ ಒಂದು ರೂಪಾಯಿ ಹೆಚ್ಚಿಸಿದರೆ ಕೈಗೆ ಬರುವುದು 199 ಕಡಿಮೆ.

ಇದು ನಾನು ಕಟ್ಟಿದ ಕಥೆಯಲ್ಲ. ನಮ್ಮಲ್ಲೊಬ್ಬ ಟರ್ನರ್ ಇದ್ದಾನೆ, ತುರುವೇಕೆರೆ ಕಡೆಯವನು, ಲೇತ್ ಮುಂದೆ ನಿಂತರೆ ಕೂದಲೆಳೆ ವ್ಯತ್ಯಾಸ ಬರುವುದಿಲ್ಲ. ಅವನ ಸಂಬಳ 24,850. ಕಳೆದ ಏಪ್ರಿಲ್‌ನಲ್ಲಿ ಮಾಲೀಕರು ಅವನನ್ನು ಕರೆದು, ಬೆನ್ನು ತಟ್ಟಿ, 150 ಸೇರಿಸಿ ದುಂಡಗೆ 25,000 ಮಾಡಿದರು. ಅವನು ಕೈಮುಗಿದು ಹೊರಬಂದ. ತಿಂಗಳ ಕೊನೆಗೆ ಚೀಟಿ ಹಿಡಿದು ನನ್ನ ಮೇಜಿನ ಮುಂದೆ ನಿಂತ.

“ಸಾರ್, ಹೆಚ್ಚು ಮಾಡಿದ್ದಾರೋ, ದಂಡ ಹಾಕಿದ್ದಾರೋ?”

ವಿವರಿಸಿದೆ. 150 ಬಂತು, 200 ಹೋಯಿತು.

“ಹಾಗಾದರೆ ಯಜಮಾನರಿಗೆ ಹೇಳಿ ಸಾರ್, ನನ್ನ ಮೇಲೆ ಕೋಪ ಏನಾದರೂ ಇದ್ದರೆ ಬೈದುಬಿಡಲಿ. ಸಂಬಳ ಹೆಚ್ಚಿಸುವುದು ಬೇಡ.”

ಮಾಲೀಕರಿಗೆ ಹೇಳಿದೆ. ಅವರು, ಕೊಟ್ಟದ್ದನ್ನು ಹಿಂದಕ್ಕೆ ಪಡೆದರೆ ಊರೇನಂದೀತು, ಎಂದರು. ಹೀಗಾಗಿ ಅವನು ವರ್ಷವಿಡೀ ಬಡ್ತಿಯ ಭಾರ ಹೊತ್ತು ದುಡಿದ. ಉಳಿದವರು ಅವನನ್ನು ನೋಡಿ ಪಾಠ ಕಲಿತರು. 21,000 ದಾಟಿದರೆ ಇಎಸ್‌ಐ ಆಸ್ಪತ್ರೆ ತಪ್ಪುತ್ತದೆಂದು ಕೆಲವರು ಅದರ ಕೆಳಗೆ ನಿಂತಿದ್ದಾರೆ. 25,000 ಮುಟ್ಟಿದರೆ ವೃತ್ತಿ ತೆರಿಗೆ ಹಿಡಿಯುತ್ತದೆಂದು ಕೆಲವರು ಅದರ ಕೆಳಗೆ ನಿಂತಿದ್ದಾರೆ. ನಮ್ಮ ಸಂಬಳದ ಪಟ್ಟಿ ನೋಡಿದರೆ ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬರಲು ಹಿಂಜರಿಯುವ ನೆಂಟರ ಸಾಲಿನಂತೆ ಕಾಣುತ್ತದೆ.

ಫೆಬ್ರವರಿ ಬಂದಾಗ ಅವನಿಗೆ ಮೊದಲೇ ಹೇಳಿಬಿಡೋಣವೆಂದು ಕರೆದೆ. ಈ ತಿಂಗಳು ಮುನ್ನೂರು ಎಂದೆ. ಅವನು ಸಿಟ್ಟಾಗಲಿಲ್ಲ. ಒಂದು ನಿಮಿಷ ಸುಮ್ಮನೆ ನಿಂತು ಕೇಳಿದ:

“25,000 ಮುಟ್ಟಿದರೆ ಮಾತ್ರ ಅಲ್ಲವೇ ಸಾರ್?”

“ಹೌದು.”

“ತಡವಾಗಿ ಬಂದರೆ ಗಂಟೆ ಲೆಕ್ಕದಲ್ಲಿ ಹಿಡಿಯುತ್ತೀರಿ ಅಲ್ಲವೇ?”

“ಹೌದು, ನಿನಗೆ ಗಂಟೆಗೆ 111 ರೂಪಾಯಿ ಚಿಲ್ಲರೆ.”

ಅವನು ತಲೆಯಾಡಿಸಿ ಲೇತ್ ಕಡೆಗೆ ಹೋದ. ನನಗೆ ಆಗ ಹೊಳೆಯಲಿಲ್ಲ.

ಫೆಬ್ರವರಿ 28, ಶನಿವಾರ. ಏಳು ವರ್ಷಗಳಲ್ಲಿ ಒಂದು ದಿನವೂ ತಡಮಾಡದವನು ಅಂದು ಸರಿಯಾಗಿ ಒಂದು ಗಂಟೆ ತಡವಾಗಿ ಬಂದು ಬೆರಳು ಒತ್ತಿದ. ಎದುರಿನ ಗೂಡಂಗಡಿಯಲ್ಲಿ ಕುಳಿತು ಎರಡು ಚಹಾ ಕುಡಿದು ಬಂದಿದ್ದನಂತೆ. ಸಂಬಳ 24,888ಕ್ಕೆ ಇಳಿಯಿತು, ವೃತ್ತಿ ತೆರಿಗೆಯ ಅಂಕಣದಲ್ಲಿ ಸೊನ್ನೆ ಬಿತ್ತು. ಒಂದು ಗಂಟೆ ಕೆಲಸ ಮಾಡದಿದ್ದುದಕ್ಕೆ ಅವನ ಕೈಗೆ 188 ರೂಪಾಯಿ ಹೆಚ್ಚಾಗಿ ಸೇರಿತು, ಚಹಾದ ಖರ್ಚು ಬೇರೆ. ಅವನ ಹಿಂದೆ ಇನ್ನೂ ಇಬ್ಬರು ನಿಂತು, ಮಾರ್ಚ್‌ನಲ್ಲಿ ಗಂಟೆಗೆ ಎಷ್ಟು ಬೀಳುತ್ತದೆಂದು ನನ್ನನ್ನು ವಿಚಾರಿಸುತ್ತಿದ್ದರು.