ನಡೆಯುವವರು ನಮ್ಮಲ್ಲಿದ್ದಾರೆ, ದಾರಿ ನೋಡಿಕೊಳ್ಳುವವರು ಬೇಕು

ನಾನು ಚಿತ್ರದುರ್ಗದವನು. ಈಗ ಇರುವುದು ಅಮೆರಿಕದ ಕೊಲೊರಾಡೊದಲ್ಲಿ. ಬೆಟ್ಟದ ನಡಿಗೆ ಬಗ್ಗೆ ಪತ್ರಿಕೆಗಳಿಗೆ ಬರೆಯೋದು ನನ್ನ ಕೆಲಸ. ಯಾವ ಪತ್ರಿಕೆಯಲ್ಲೂ ನೌಕರಿ ಇಲ್ಲ, ಒಂದು ಲೇಖನಕ್ಕೆ ಇಷ್ಟು ಅಂತ ಲೆಕ್ಕ. ಊರಿಗೆ ಬಂದಾಗ ನೆಂಟರು ಕೇಳುತ್ತಾರೆ, "ನಡೆಯೋದಕ್ಕೂ ದುಡ್ಡು ಕೊಡ್ತಾರೇನಪ್ಪಾ?" ಅಂತ. ನಡೆದಿದ್ದಕ್ಕೆ ಕೊಡುವುದಿಲ್ಲ, ಬರೆದಿದ್ದಕ್ಕೆ ಕೊಡುತ್ತಾರೆ, ಅದೂ ಎಷ್ಟೋ ಸಲ ಅಚ್ಚಾದ ಮೇಲೆ. ಈ ಬೇಸಿಗೆಯಲ್ಲಿ ನಡೆದ ದಾರಿ ಮುಂದಿನ ಬೇಸಿಗೆಯ ಸಂಚಿಕೆಗೆ ಹೋಗುತ್ತದೆ. ಅಲ್ಲಿಯವರೆಗೆ ಮನೆ ಬಾಡಿಗೆ, ಆರೋಗ್ಯ ವಿಮೆ ಎಲ್ಲ ನಮ್ಮ ಕೈಯಿಂದಲೇ. ಒಪ್ಪಿಕೊಂಡ ಲೇಖನವನ್ನು ತಿಂಗಳುಗಟ್ಟಲೆ ಇಟ್ಟುಕೊಂಡು, ಕೊನೆಗೆ ಬೇಡ ಅಂದ ಪತ್ರಿಕೆಯೂ ಇದೆ.

ಆದರೂ ಈ ಕೆಲಸ ನಡೆಯುತ್ತಿದೆ ಅಂದರೆ ಅದಕ್ಕೆ ಕಾರಣ ಅಲ್ಲಿನ ದಾರಿಗಳು. ಅಪಲೇಶಿಯನ್ ಟ್ರೈಲ್ ಸುಮಾರು 3,500 ಕಿಲೋಮೀಟರ್ ಉದ್ದ, 1937ರಲ್ಲೇ ಪೂರ್ತಿಯಾಗಿದ್ದು. ಪೆಸಿಫಿಕ್ ಕ್ರೆಸ್ಟ್ ಟ್ರೈಲ್ ಇನ್ನೂ ಉದ್ದ, ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗೆ 4,200 ಕಿಲೋಮೀಟರಿಗೂ ಜಾಸ್ತಿ. 1968ರಲ್ಲಿ ಇಂಥ ಕಾಲುದಾರಿಗಳಿಗೆ ಅಂತಲೇ ಒಂದು ಕಾನೂನು ಬಂತು. ನಮ್ಮ ಮನೆ ಹತ್ತಿರದ್ದು ಕೊಲೊರಾಡೊ ಟ್ರೈಲ್. ಡೆನ್ವರ್‌ನಿಂದ ಡುರಾಂಗೊವರೆಗೆ ಸುಮಾರು 780 ಕಿಲೋಮೀಟರ್, ಸರಾಸರಿ ಎತ್ತರವೇ 3,000 ಮೀಟರಿನ ಮೇಲೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನವಾದರೆ ಸಾಕು, ಗುಡುಗು ಸಿಡಿಲು. ಮರಗಳೇ ಇಲ್ಲದ ಆ ಎತ್ತರದಿಂದ ಅಷ್ಟರೊಳಗೆ ಇಳಿದಿರಬೇಕು. ಬರೆಯೋದು ಪೆನ್ಸಿಲ್‌ನಲ್ಲಿ, ಯಾಕೆಂದರೆ ಚಳಿಗೆ ಪೆನ್ನು ಹರಿಯುವುದಿಲ್ಲ, ನೀರು ಬಿದ್ದರೆ ಶಾಯಿ ಕಲಸಿ ಹೋಗುತ್ತದೆ.

ಈ ದಾರಿಯನ್ನು 1987ರಲ್ಲಿ ಒಂದಕ್ಕೊಂದು ಜೋಡಿಸಿ ಮುಗಿಸಿದರು. ಹಿಂದೆ ನಿಂತು ಮಾಡಿಸಿದವರು ಗುಡಿ ಗ್ಯಾಸ್ಕಿಲ್ ಅನ್ನುವ ಹೆಣ್ಣುಮಗಳು, ಕೆಲಸ ಮಾಡಿದವರಲ್ಲಿ ಬಹಳಷ್ಟು ಜನ ಸ್ವಯಂಸೇವಕರು. ರಜೆ ಹಾಕಿ, ಡೇರೆ ಹೊತ್ತು ಬಂದು, ಒಂದು ವಾರ ಮಣ್ಣು ಅಗೆದು ಹೋಗುವವರು ಇವತ್ತಿಗೂ ಇದ್ದಾರೆ.

ಈಗ ನಮ್ಮ ಕಡೆ ನೋಡಿ. ನಡೆಯುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯಿಂದ ಎಷ್ಟು ಜನ ಪಾದಯಾತ್ರೆ ಹೊರಡುತ್ತಾರೆ! ವಯಸ್ಸಾದವರು, ಹೆಂಗಸರು, ಕಾಲೇಜು ಹುಡುಗರು, ಕೆಲವರು ಚಪ್ಪಲಿಯೂ ಇಲ್ಲದೆ. ದಾರಿಯಲ್ಲಿ ಮಜ್ಜಿಗೆ, ಪಾನಕ, ಕಲ್ಲಂಗಡಿ, ಬಿಸಿ ಅನ್ನ ಸಾರು. ಯಾರ ಮನೆ, ಯಾವ ಊರು, ಯಾವ ಜಾತಿ ಅಂತ ಕೇಳದೆ "ಬನ್ನಿ, ಕೂತ್ಕಳ್ಳಿ, ಉಂಡು ಹೋಗಿ" ಅಂತ ಕೈ ಹಿಡಿದು ಕೂರಿಸುತ್ತಾರೆ. ಅಮೆರಿಕದಲ್ಲೂ ರಸ್ತೆ ದಾಟುವ ಕಡೆ ತಂಪು ಪಾನೀಯದ ಡಬ್ಬಿ ಇಟ್ಟು ಹೋಗುವ ಪುಣ್ಯವಂತರಿದ್ದಾರೆ, ಅವರನ್ನು ಟ್ರೈಲ್ ಏಂಜೆಲ್ ಅನ್ನುತ್ತಾರೆ. ಆದರೆ ಅದು ಸಿಕ್ಕರೆ ಸಿಕ್ಕಿತು ಅಷ್ಟೇ. ಅಲ್ಲಿ ನನ್ನ ಅವಲಕ್ಕಿ, ಚಟ್ನಿಪುಡಿಯನ್ನು ನಾನೇ ಡಬ್ಬಕ್ಕೆ ತುಂಬಿ, ಮುಂದಿನ ಊರಿನ ಅಂಚೆ ಕಚೇರಿಗೆ ಮೊದಲೇ ಕಳಿಸಿಕೊಂಡಿರಬೇಕು.

ಹಾಗಾಗಿ ನನಗನಿಸೋದು ಇಷ್ಟು. ನಮ್ಮಲ್ಲಿ ದಾರಿಯ ಜನ ನಡೆಯುವವರನ್ನು ನೋಡಿಕೊಳ್ಳುತ್ತಾರೆ. ಅಲ್ಲಿ ನಡೆಯುವವರು ದಾರಿಯನ್ನು ನೋಡಿಕೊಳ್ಳುತ್ತಾರೆ. ಮೊದಲನೆಯದರಲ್ಲಿ ನಾವು ಅವರಿಗಿಂತ ಎಷ್ಟೋ ಮುಂದೆ, ಇದನ್ನು ಎದೆ ತಟ್ಟಿ ಹೇಳುತ್ತೇನೆ. ಎರಡನೆಯದನ್ನು ಮಾತ್ರ ನಾವು ಶುರುವೇ ಮಾಡಿಲ್ಲ. ಪಾದಯಾತ್ರೆ ಮುಗಿದ ಮಾರನೇ ದಿನ ಅದೇ ರಸ್ತೆಯಲ್ಲಿ ಹೋಗಿ ನೋಡಿ, ಲೋಟ, ತಟ್ಟೆ, ನೀರಿನ ಬಾಟಲಿ. ಅಷ್ಟು ಪ್ರೀತಿಯಿಂದ ಕೊಟ್ಟ ಮಜ್ಜಿಗೆಯ ಲೋಟ ರೈತನ ಹೊಲಕ್ಕೆ ಹಾರಿ ಬಿದ್ದಿರುತ್ತದೆ. ನೋಡಿದರೆ ಸಂಕಟವಾಗುತ್ತದೆ.

ದಾರಿ ನೋಡಿಕೊಳ್ಳೋದು ಅಂದರೆ ಮುಖ್ಯವಾಗಿ ನೀರನ್ನು ನೋಡಿಕೊಳ್ಳೋದು. ಬೆಟ್ಟದಲ್ಲಿ ಮಳೆ ಬಂದರೆ ನೀರು ಕಾಲುದಾರಿಯಲ್ಲೇ ಹರಿಯುತ್ತದೆ, ಮಣ್ಣು ಕೊಚ್ಚಿ ಕೊರಕಲಾಗುತ್ತದೆ. ಕೊರಕಲಲ್ಲಿ ಕಾಲಿಡಲಾಗದೆ ಜನ ಪಕ್ಕದ ಹುಲ್ಲು ತುಳಿಯುತ್ತಾರೆ. ಅಲ್ಲಿ ಇನ್ನೊಂದು ದಾರಿ, ಅದೂ ಕೊರಕಲು. ಇದಕ್ಕೆ ಅಮೆರಿಕದಲ್ಲಿ ಮಾಡೋದು ಸರಳ ಕೆಲಸ. ದಾರಿಗೆ ಓರೆಯಾಗಿ ಅಡ್ಡಗಲ್ಲು ಹೂಳುತ್ತಾರೆ. ಕಲ್ಲಿನ ಹೆಚ್ಚಿನ ಭಾಗ ಮಣ್ಣೊಳಗೆ, ಮೇಲೆ ಕಾಣುವುದು ಸ್ವಲ್ಪವೇ. ಹರಿದು ಬಂದ ನೀರು ಕಲ್ಲಿಗೆ ತಾಗಿ ಇಳಿಜಾರಿನ ಕಡೆ ತಿರುಗುತ್ತದೆ. ಮೇಲೆ ಹತ್ತಿ ಕುಣಿದರೂ ಕಲ್ಲು ಅಲುಗಬಾರದು, ಅಲುಗಿದರೆ ತೆಗೆದು ಮತ್ತೆ ಹೂಳಬೇಕು. ಹೊಲಕ್ಕೆ ಬದು ಹಾಕಿದ ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಾ?

ಅದರಲ್ಲೂ ದುರ್ಗದವರಿಗೆ! ನಮ್ಮ ಏಳು ಸುತ್ತಿನ ಕೋಟೆಯಲ್ಲಿ ಬಂಡೆ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಲ್ಲಿಂದ ಅಕ್ಕ ತಂಗಿ ಹೊಂಡಕ್ಕೆ, ಸಿಹಿನೀರು ಹೊಂಡಕ್ಕೆ, ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುವ ಹಾಗೆ ಮಾಡಿದ್ದಾರೆ. ಆ ಊರಿನವರು ನಾವು. ಚಂದ್ರವಳ್ಳಿಯ ಬಂಡೆಗಳ ನಡುವಿನ, ಜೋಗಿಮಟ್ಟಿ ಕಡೆಯ ಕಾಲುದಾರಿ ಕೊಚ್ಚಿ ಹೋಗೋದನ್ನು ಸುಮ್ನೆ ನೋಡುತ್ತಾ ಇರಬಾರದು. ಜೋಗಿಮಟ್ಟಿ ವನ್ಯಧಾಮ, ಅಲ್ಲಿ ನಮ್ಮಿಷ್ಟಕ್ಕೆ ಅಗೆಯೋಕಾಗಲ್ಲ, ಅಗೆಯಲೂಬಾರದು. ಅರಣ್ಯ ಇಲಾಖೆಯವರ ಒಪ್ಪಿಗೆ ತಗೊಂಡು, ಅವರು ತೋರಿಸಿದ ಕಡೆ ಮಾತ್ರ ಕೆಲಸ ಮಾಡೋಣ.

ಇನ್ನು ಬರವಣಿಗೆ. ಕನ್ನಡದಲ್ಲಿ ಚಾರಣದ ಲೇಖನ ಓದಿದರೆ ಮಂಜು, ಹಸಿರು, ಸೂರ್ಯೋದಯ ಎಲ್ಲ ಇರುತ್ತದೆ. ನೀರು ಯಾವ ತಿಂಗಳವರೆಗೆ ಸಿಗುತ್ತದೆ, ಎಲ್ಲಿ ಎಡಕ್ಕೆ ತಿರುಗಬೇಕು, ನೆರಳು ಎಲ್ಲಿ, ಇದು ಇರುವುದಿಲ್ಲ. ಓದಿ ಹೊರಡುವವನಿಗೆ ಬೇಕಾಗಿರೋದು ಅದೇ ಅಲ್ವಾ? ನಮ್ಮ ಬಯಲುಸೀಮೆ ಗುಡ್ಡದಲ್ಲಂತೂ ಏಪ್ರಿಲ್‌ನಲ್ಲಿ ನೀರು ಸಿಗದಿದ್ದರೆ ಜೀವಕ್ಕೇ ಕುತ್ತು. ಹೋದ ಸಲ ಬಂದಾಗ ಕುರಿ ಕಾಯುವ ಅಜ್ಜ ಒಬ್ಬರು "ಎಲ್ಲಿಗ್ ಹೊಂಟೀಯಪ್ಪಾ ಈ ಬಿಸ್ಲಾಗೆ?" ಅಂತ ತಡೆದು, ಬಂಡೆ ಸಂದಿಯಲ್ಲಿ ನೀರು ನಿಲ್ಲುವ ಜಾಗ ತೋರಿಸಿದರು. ಮೇಲೆ ಚಪ್ಪಡಿ ಕಲ್ಲು ಮುಚ್ಚಿತ್ತು. ಸರಿಸಿ, ನೀರು ತಗೊಂಡು, ಮತ್ತೆ ಮುಚ್ಚಿಸಿದ ಮೇಲೆಯೇ ನನ್ನನ್ನು ಬಿಟ್ಟರು. ಇಂಥವರ ಜೊತೆ ನಡೆದು, ಅವರು ಹೇಳಿದ್ದನ್ನು ಬರೆದುಕೊಳ್ಳಬೇಕು, ಅವರ ಸಮಯಕ್ಕೆ ದುಡ್ಡೂ ಕೊಡಬೇಕು.

ಡಿಸೆಂಬರ್‌ನಲ್ಲಿ ಊರಿಗೆ ಬರುತ್ತೇನೆ. ಮೊದಲು ಇಲಾಖೆಗೆ ಅರ್ಜಿ ಕೊಡೋಣ. ದುರ್ಗ, ದಾವಣಗೆರೆ ಕಡೆಯವರು ಯಾರಾದರೂ ಜೊತೆಗೆ ಬರೋದಾದರೆ ಹಾರೆ, ಗುದ್ದಲಿ, ಬಾಂಡ್ಲಿ ನಾನು ತರುತ್ತೇನೆ. ನೀವು ಒಂದು ಭಾನುವಾರ ಕೊಡಿ.