ಸತ್ಯಾಂಶ: ಬೇಯಿಸಿದರೂ ಈರುಳ್ಳಿ ನಾಯಿಗೆ ವಿಷವೇ

'ಹಸಿ ಈರುಳ್ಳಿ, ಬೆಳ್ಳುಳ್ಳಿ ಮಾತ್ರ ನಾಯಿಗೆ ಕೆಟ್ಟದ್ದು, ಬೇಯಿಸಿದರೆ ವಿಷ ಹೋಗುತ್ತದೆ. ದಿನಕ್ಕೊಂದು ಎಸಳು ಬೆಳ್ಳುಳ್ಳಿ ಕೊಟ್ಟರೆ ಉಣ್ಣೆಯೂ ಹತ್ತುವುದಿಲ್ಲ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತವೆ. ಬೇಯಿಸಿದರೂ, ಹುರಿದರೂ, ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ದೇಹತೂಕದ 0.5%ಗಿಂತ ಹೆಚ್ಚು ಈರುಳ್ಳಿ ಒಮ್ಮೆಗೇ ಹೊಟ್ಟೆ ಸೇರಿದರೆ ಅಪಾಯ. ಅಂದರೆ 10 ಕೆ.ಜಿ. ನಾಯಿಗೆ 50 ಗ್ರಾಂ, ಒಂದು ಸಣ್ಣ ಈರುಳ್ಳಿಯಷ್ಟೆ! ದಿನವೂ ಸ್ವಲ್ಪಸ್ವಲ್ಪ ತಿಂದರೂ ತೊಂದರೆಯಾಗಬಹುದು. ಬೆಳ್ಳುಳ್ಳಿ ಇನ್ನೂ ತೀಕ್ಷ್ಣ. ಉಣ್ಣೆಗೆ ಪಶುವೈದ್ಯರು ಕೊಡುವ ಔಷಧಿಯೇ ಸರಿ.

ನಮ್ಮಲ್ಲಿ ಉಳಿದ ಹುಳಿಯನ್ನ, ಪಲ್ಯ ನಾಯಿ ತಟ್ಟೆಗೆ ಹೋಗುವುದು ಪ್ರೀತಿಯಿಂದಲೇ. ಆದರೆ ಒಗ್ಗರಣೆಯ ಈರುಳ್ಳಿ, ಉಪ್ಪು, ಖಾರವೂ ಜೊತೆಗೇ ಹೋಗುತ್ತವೆ. ಅಡುಗೆಗೆ ಹೆಚ್ಚುವಾಗಲೇ ನಾಯಿಯ ಪಾಲು ತೆಗೆದಿಡಿ: ಕ್ಯಾರೆಟ್, ಸೌತೆಕಾಯಿ, ಬೇಯಿಸಿದ ಬೀನ್ಸ್, ಸಿಹಿಗುಂಬಳ, ಗೆಣಸು. ಉಪ್ಪು, ಎಣ್ಣೆ ಬೇಡ. ಗಂಟಲಲ್ಲಿ ಸಿಕ್ಕದಂತೆ ಚಿಕ್ಕ ಹೋಳು ಮಾಡಿ. ಇಂಥ ತಿನಿಸೆಲ್ಲ ಸೇರಿ ದಿನದ ಕ್ಯಾಲೊರಿಯ 10% ದಾಟಬಾರದು. ಮೆಕ್ಕೆಜೋಳದ ದಿಂಡು ಕರುಳಿನಲ್ಲಿ ಸಿಕ್ಕಿ ಅಡ್ಡವಾಗಬಹುದು, ಕೊಡಲೇಬೇಡಿ.

ಈರುಳ್ಳಿ ತಿಂದ ಲಕ್ಷಣ ಕೆಲವು ದಿನ ತಡವಾಗಿ ಕಾಣಿಸಬಹುದು. ಒಸಡು ಬಿಳಿಚಿದರೆ, ಮೂತ್ರ ಕೆಂಪು-ಕಂದು ಬಣ್ಣಕ್ಕೆ ತಿರುಗಿದರೆ, ನಾಯಿ ಸುಸ್ತಾಗಿ ಏದುಸಿರು ಬಿಟ್ಟರೆ ತಕ್ಷಣ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಏನು, ಎಷ್ಟು, ಯಾವಾಗ ತಿಂದಿತೆಂದು ಅವರಿಗೆ ಹೇಳಿ.